ಕದ್ದು ಕೇಳೋನ ಸಿನಿಮಾ ನೋಡಿದೆ, ನಾನೇ ಊರಿಗೆಲ್ಲ ಕ್ಯಾಮೆರಾ ಹಾಕೋನು, ಒಂದು ವಾರದಿಂದ ನಿದ್ದೆ ಇಲ್ಲ

ಬಳ್ಳಾರಿ ಏಣಿ
ಎಲ್ರಿಗೂ ನಮಸ್ಕಾರ ರೀ. ಉದ್ದ ಐತೆ, ಬೇಜಾರಾಗ್ದೆ ಓದ್ರಿ. ನಾನು ಬಳ್ಳಾರಿಯೋನು, ಹನ್ನೊಂದು ವರ್ಷದಿಂದ ಸಿಸಿಟಿವಿ ಹಾಕೋದೇ ಕೆಲಸ, ಅಂಗಡಿ, ಮನೆ, ಗೋಡೌನು, ಜೀನ್ಸ್ ಹೊಲಿಯೋ ಯೂನಿಟ್ಟು, ಕೌಲ್ ಬಜಾರದಾಗೆ ನಾನು ಏಣಿ ಹಾಕದ ಗಲ್ಲಿ ಇಲ್ಲ. ಹೋದ ವಾರ ಅಕ್ಕನ ಮಗ ಒಂದು ಹಳೇ ಇಂಗ್ಲಿಷ್ ಪಿಚ್ಚರ್ ಹಾಕಿಕೊಟ್ಟ, ದಿ ಕಾನ್ವರ್ಸೇಶನ್ ಅಂತ, 1974ರದ್ದು, ಗಾಡ್‌ಫಾದರ್ ಮಾಡಿದ ಕೊಪ್ಪೊಲಾನೇ ಬರೆದು ಮಾಡಿರೋದು. ಮಾವ ನಿನ್ ಲೈನಿನ ಪಿಚ್ಚರ್ ಇದು ನೋಡು ಅಂದ.

ಕಥೆ ಹೇಳ್ತೀನಿ, ನೋಡದೆ ಇರೋರು ಇಲ್ಲಿಂದ ಮುಂದಕ್ಕೆ ಓದಬ್ಯಾಡ್ರಿ. ಹ್ಯಾರಿ ಕಾಲ್ ಅಂತ ಒಬ್ಬ, ಜೀನ್ ಹ್ಯಾಕ್‌ಮನ್ ಮಾಡಿದಾರೆ, ಬೇರೆಯೋರ ಮಾತು ಕದ್ದು ರೆಕಾರ್ಡ್ ಮಾಡಿಕೊಡೋದು ಅವನ ಕೆಲಸ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್ ಅನ್ನೋ ಜಾಗ, ಮಧ್ಯಾಹ್ನ, ಜನಜಂಗುಳಿ, ಬ್ಯಾಂಡ್ ಬಾರಿಸ್ತಿದಾರೆ, ಆ ಗದ್ದಲದೊಳಗೆ ಒಂದು ಹುಡುಗ ಹುಡುಗಿ ಸುತ್ತು ಹೊಡೀತಾ ಮಾತಾಡ್ತಾರೆ, ಇವನು ಮೇಲಿಂದ ಉದ್ದ ಮೈಕು, ಪಕ್ಕದಾಗೆ ಚೀಲ ಹಿಡಿದು ನಡೆಯೋ ಮನುಷ್ಯ, ಹಿಂಗೆ ಮೂರು ಕಡೆಯಿಂದ ಹಿಡಿದು ಆಮೇಲೆ ಮೂರು ಟೇಪನ್ನೂ ಕೂಡಿಸಿ ಸದ್ದು ತೆಗೆದು ತೆಗೆದು ಸ್ವಚ್ಛ ಮಾಡ್ತಾನೆ. ಒಂದು ಮಾತು ಸಿಗುತ್ತೆ. "ಅವಕಾಶ ಸಿಕ್ಕರೆ ಅವನು ನಮ್ಮನ್ನ ಕೊಲ್ತಾನೆ" ಅನ್ನೋ ಅರ್ಥದ್ದು. ಅಲ್ಲಿಂದ ಅವನಿಗೆ ನಿದ್ದೆ ಹೋಗುತ್ತೆ, ಯಾಕಂದ್ರೆ ಹಿಂದೆ ಒಂದ್ಸಲ ಇವನು ಮಾಡಿಕೊಟ್ಟ ರೆಕಾರ್ಡಿಂಗಿಂದ ಮೂರು ಜನ ಸತ್ತಿರ್ತಾರೆ. ಕೊನೆಗೆ ನೋಡಿದ್ರೆ ಇವನು ಕೇಳಿದ ಶಬ್ದ ಎಲ್ಲಾ ಸರಿ, ಅರ್ಥ ಮಾಡ್ಕೊಂಡಿದ್ದು ಪೂರಾ ಉಲ್ಟಾ. ಸಾಯ್ತಾರೆ ಅಂದ್ಕೊಂಡೋರು ಸಾಯಲ್ಲ, ಸತ್ತೋನು ಬೇರೆ.

ಈಗ ನನ್ನ ವಿಷಯ. ಎರಡು ವರ್ಷದ ಹಿಂದೆ ಒಂದು ಹೊಲಿಗೆ ಯೂನಿಟ್ಟಿಗೆ ಎಂಟು ಕ್ಯಾಮೆರಾ ಹಾಕಿದೆ. ಓನರ್ರು ಮೈಕ್ ಇರೋದೇ ಬೇಕು ಅಂದ್ರು, ಹಾಕಿಕೊಟ್ಟೆ, ಅವರ ಮೊಬೈಲಿಗೆ ಆ್ಯಪ್ ಹಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮನೆಯಿಂದಾನೇ ಕೇಳೋ ಹಂಗೆ ಮಾಡಿಕೊಟ್ಟೆ. ಒಳಗಡೆ ಹೊಲಿಯೋ ಹೆಣ್ಮಕ್ಕಳಿಗೆ ಕ್ಯಾಮೆರಾ ಕಾಣುತ್ತೆ, ಮೈಕು ಕಾಣಲ್ಲ ನೋಡ್ರಿ, ಅದು ಸೂಜಿ ತೂತಿನಷ್ಟಿರುತ್ತೆ. ನಾಲ್ಕು ತಿಂಗಳಾದ್ಮೇಲೆ ಫೋನ್ ಬಂತು, ಬಾ, ಒಂದು ರೆಕಾರ್ಡಿಂಗ್ ಐತೆ, ಮಷಿನ್ ಸದ್ದಿನಾಗೆ ಕೇಳ್ತಿಲ್ಲ, ಸರಿ ಮಾಡಿಕೊಡು ಅಂತ. ಪೆನ್‌ಡ್ರೈವಿಗೆ ಹಾಕ್ಕೊಂಡು ಬಂದು ರಾತ್ರಿ ಕೂತು ಲ್ಯಾಪ್‌ಟಾಪಿನಾಗೆ ಮಷಿನ್ ಸದ್ದು ಇಳಿಸಿ ಮಾತು ಏರಿಸಿ ಬೇಕಾದಷ್ಟೇ ಕತ್ತರಿಸಿ ಕೊಟ್ಟೆ. ಓವರ್‌ಲಾಕ್ ಮಷಿನ್ ಹತ್ರ ಕೂತ ಇಬ್ರು ಹೆಣ್ಮಕ್ಕಳು, ಒಬ್ಳು ಹೇಳ್ತಾಳೆ, "ನಾವು ಹೋದ್ರೆ ಈಯಪ್ಪನ ಗತಿ ಏನು". ಅಷ್ಟೇ.

ಓನರ್ರು ಈಯಪ್ಪ ಅಂದ್ರೆ ನಾನೇ ಅಂದ್ಕೊಂಡ್ರು. ಹಬ್ಬದ ಆರ್ಡರ್ ಟೈಮಿನಾಗೆ ಕೈ ಕೊಡಾಕೆ ಪ್ಲಾನ್ ಮಾಡ್ಯಾರೆ ಅಂತ ಇಬ್ರನ್ನೂ ಅವತ್ತೇ ಲೆಕ್ಕ ಮುಗಿಸಿ ಕಳಿಸಿದ್ರು. ಆರು ತಿಂಗಳಾದ್ಮೇಲೆ ಆ ಗಲ್ಲಿ ಚಹಾ ಅಂಗಡಿಯೋನು ಹೇಳಿದ, ಅಲ್ಲಿ ಇಸ್ತ್ರಿ ಮಾಡೋ ಒಬ್ಬ ತಾತ ಇದಾನೆ, ಹಿಂದಿಲ್ಲ ಮುಂದಿಲ್ಲ, ಈ ಇಬ್ರೇ ದಿನಾ ಡಬ್ಬಿಯಾಗೆ ಅವನಿಗೊಂದು ರೊಟ್ಟಿ ಜಾಸ್ತಿ ತರ್ತಿದ್ರು ಅಂತ. ಒಬ್ಬಳಿಗೆ ಬಾಣಂತನ ಹತ್ರ ಬಂದಿತ್ತು, ಇನ್ನೊಬ್ಬಳ ಗಂಡನ ಕೆಲಸ ಹೊಸಪೇಟೆಗೆ ಹೋಗೋದಿತ್ತು. ತಾತನ ಟೇಬಲ್ಲು ನಾನು ಕೂರಿಸಿದ ಕ್ಯಾಮೆರಾದ ಕೆಳಗೇ ಐತೆ, ಅದಕ್ಕೇ ಫ್ರೇಮಿನಾಗೆ ಬರಲ್ಲ.

ಪಿಚ್ಚರಿನಾಗೆ ಹ್ಯಾರಿ ಆ ಮೂರು ಮಷಿನ್ ಮುಂದೆ ಕೂತು ಗುಂಡಿ ತಿರುಗಿಸ್ತಾನಲ್ಲ, ಅವಾಗ ನನ್ನ ಕೈ ತಣ್ಣಗಾಯ್ತು. ನಾನೂ ಹಂಗೇ ತಿರುಗಿಸಿದ್ದೆ.

ಹಳೇ ಸಿನಿಮಾ ಮೇಷ್ಟ್ರು
ತಮ್ಮಾ, ನೀವು ಬರೆದದ್ದನ್ನ ಎರಡು ಸಲ ಓದಿದೆ. ನಾನು ಈ ಚಿತ್ರವನ್ನ ಮೊದಲು ನೋಡಿದ್ದು ಫಿಲ್ಮ್ ಸೊಸೈಟಿ ಕಾಲದಲ್ಲಿ, ಇಲ್ಲೇ ಬಳ್ಳಾರಿಯಲ್ಲಿ ಮೇಷ್ಟ್ರಾಗಿ ನಿವೃತ್ತನಾದವನು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಆ ವರ್ಷದ ದೊಡ್ಡ ಬಹುಮಾನ ಇದಕ್ಕೇ ಬಂತು, ಆಸ್ಕರ್‌ನಲ್ಲಿ ಮಾತ್ರ ಅದೇ ಕೊಪ್ಪೊಲಾನ ಗಾಡ್‌ಫಾದರ್ ಎರಡನೇ ಭಾಗ ಇದನ್ನ ಸೋಲಿಸಿತು. ಚಿತ್ರ ಬಂದ ನಾಲ್ಕು ತಿಂಗಳಿಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು, ಅದೂ ಕದ್ದು ಕೇಳೋ ಟೇಪುಗಳ ಹಗರಣವೇ, ವಾಟರ್‌ಗೇಟ್ ಅಂತ, ಆದ್ರೆ ಈ ಚಿತ್ರದ ಕಥೆ ಅದಕ್ಕಿಂತ ಮುಂಚೆನೇ ಬರೆದಿಟ್ಟದ್ದು.

ನೀವು ಹೇಳಿದ ಆ ವಾಕ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಬ್ದದ ಕೆಲಸ ಮಾಡಿದ್ದು ವಾಲ್ಟರ್ ಮರ್ಚ್. ಚಿತ್ರದುದ್ದಕ್ಕೂ ಆ ಸಾಲಿನಲ್ಲಿ ಒತ್ತು "ಕೊಲ್ಲು" ಅನ್ನೋದರ ಮೇಲೆ ಬೀಳುತ್ತೆ, ಕೊನೆಯಲ್ಲಿ ಅದೇ ನಟ ಬೇರೆ ಥರ ಹೇಳಿದ ಟೇಕ್ ಹಾಕಿದ್ದಾರೆ, ಅಲ್ಲಿ ಒತ್ತು "ನಮ್ಮನ್ನ" ಅನ್ನೋದರ ಮೇಲೆ. ಮಾತು ಅವೇ, ಅರ್ಥ ಬೇರೆ. ಅವನು ನಮ್ಮನ್ನ ಕೊಂದೇ ಬಿಡ್ತಾನೆ ಅನ್ನೋ ಹೆದರಿಕೆ ಹೋಗಿ, ಅವನಿಗೆ ಅವಕಾಶ ಸಿಕ್ಕರೆ ನಮ್ಮನ್ನೇ ಕೊಲ್ತಾನೆ, ಅದಕ್ಕೆ ನಾವೇ ಮೊದಲು ಅನ್ನೋ ಲೆಕ್ಕಾಚಾರ ಬರುತ್ತೆ. ನೋಡಿ, ಕನ್ನಡದಲ್ಲಿ ಈ ಕೆಲಸಕ್ಕೆ ಒಂದು "ಏ" ಇದೆ. ಕೊಂದೇ, ನಮ್ಮನ್ನೇ. ಡಬ್ ಮಾಡಿದ್ರೆ ಹತ್ತನೇ ನಿಮಿಷಕ್ಕೇ ಗುಟ್ಟು ಹೊರಗೆ. ಆದ್ರೆ ನಿಮ್ಮ "ಈಯಪ್ಪ"ನಿಗೆ ಯಾವ ಏಕಾರವೂ ಸಹಾಯ ಮಾಡಲಿಲ್ಲ. ಈಯಪ್ಪ ಯಾರು ಅನ್ನೋದು ಆ ಹೆಣ್ಣುಮಗಳ ಕಣ್ಣು ಯಾರ ಕಡೆ ಇತ್ತು ಅನ್ನೋದರಲ್ಲಿತ್ತು, ಮೈಕಿನಲ್ಲಿ ಇರಲಿಲ್ಲ.

ಗಂಗಾವತಿ ಗಿರಣಿ
ಅಣ್ಣಾರ, ನಿಮ್ಮ ಸಂಕಟ ಅರ್ಥ ಆಗತೈತಿ, ಆದ್ರ ಎಲ್ಲಾ ತಪ್ಪು ಕ್ಯಾಮೆರಾದ ಮ್ಯಾಲೆ ಹಾಕಬ್ಯಾಡ್ರಿ. ನಾನು ರೈಸ್ ಮಿಲ್ಲಿನಾಗ ಲೆಕ್ಕ ಬರೆಯಾಂವ. ಮೊದ್ಲು ತೂಕದ ಕಟ್ಟಿ ಹತ್ರ ಕ್ಯಾಮೆರಾ ಇರಲಿಲ್ಲ, ವಾರಕ್ಕೊಮ್ಮೆ ಚೀಲ ಕಡಿಮಿ ಬರ್ತಿದ್ವು, ಹಮಾಲರ ಮ್ಯಾಲೆ ಹಾಕ್ತಿದ್ರು, ಪಾಪ ಅವರ ಕೂಲಿಯಾಗ ಹಿಡೀತಿದ್ರು. ಕ್ಯಾಮೆರಾ ಬಂದ ಮ್ಯಾಲೆ ಗೊತ್ತಾತು, ಹಮಾಲರು ಅಲ್ಲ, ಲಾರಿ ಡ್ರೈವರ್ ಕಡೆಯಿಂದ ಹೊಂಟಿದ್ವು. ಆ ಹಮಾಲರು ಬದುಕಿದ್ದು ಕ್ಯಾಮೆರಾದಿಂದನ. ಸೊಸಿ ಊರಾಗ ಒಬ್ಬಾಕಿನ ಇರ್ತಾಳ, ಬಾಗಲಿಗೆ ಒಂದು ಹಾಕ್ಸೀವಿ, ಧೈರ್ಯ ಇರ್ತೈತಿ.

ಬಳ್ಳಾರಿ ಏಣಿ
ಹೌದಣ್ಣ, ನಾನು ಬ್ಯಾಡ ಅನ್ನಲ್ಲ, ಅನ್ನ ತಿಂತಿರೋದೇ ಅದ್ರಾಗೆ. ತೂಕದ ಕಟ್ಟೆ ಮೇಲೆ ಹಾಕೋದು ಬೇರೆ, ಊಟದ ಹೊತ್ತಿನ ಮಾತಿನ ಮೇಲೆ ಹಾಕೋದು ಬೇರೆ ಅಂತ ಈಗ ಅನ್ನಿಸ್ತೈತೆ, ಅವಾಗ ಅನ್ನಿಸಿರಲಿಲ್ಲ.

ಸಿಂಧನೂರ ಅಂಗನವಾಡಿ
ನಾ ಪಿಚ್ಚರ್ ನೋಡಿಲ್ರಿ. ಆದ್ರ ಓದಿದ ಮ್ಯಾಲೆ ಸುಮ್ನ ಇರ್ಲಿಕ್ಕೆ ಆಗ್ಲಿಲ್ಲ. ನಿಮ್ಮ ಪಿಚ್ಚರಿನಾಗ ಕದ್ದು ಕೇಳ್ತಾರ, ನಮ್ಮಲ್ಲಿ ಕದಿಯೋದು ಏನದರಿ, ಮಾರಿ ತೋರ್ಸು ಆಮ್ಯಾಲೆ ರೇಷನ್ ಅಂತ ಎದುರಿಗೇ ಕೇಳ್ತಾರ. ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರದ ಆ್ಯಪಿನಾಗ ಬಸುರಿ ಬಾಣಂತಿ ಮಾರಿ ಫೋಟೋ ಹಿಡಿದು ಆಧಾರಿಗೆ ಹೊಂದಿಸಬೇಕು. ಮೊನ್ನೆ ಒಬ್ಬಾಕಿ ಹನ್ನೆರಡು ದಿನದ ಬಾಣಂತಿ, ತಲಿಗೆ ಬಟ್ಟಿ ಕಟ್ಟಿಕೊಂಡು ಬಂದಾಳ, ಬಟ್ಟಿ ತೆಗಿ ಅಂದೆ, ಗಾಳಿ ಹೊಕ್ಕತ್ರಿ ಮೇಡಂ ಅಂತಾಳ, ತೆಗೆದ್ಲು, ಆದ್ರೂ ಹೊಂದಲಿಲ್ಲ, ರಕ್ತ ಇಲ್ಲದ ಮಾರಿ, ಆಧಾರಿನ ಫೋಟೋ ಮದುವಿಗಿಂತ ಮುಂಚಿಂದು. ಕಣ್ಣು ಬಿಡು, ಕಣ್ಣು ಮುಚ್ಚು, ಬೆಳಕಿಗೆ ಬಾ. ನಾಲ್ಕನೇ ಸಲಕ್ಕ ನೆಟ್‌ವರ್ಕ್ ಹೋಯ್ತು. ಅಕಿ ಮಾರಿ ನೋಡಿ ನನಗ ಅಕಿ ಯಾರಂತ ಗೊತ್ತಿಲ್ಲೇನು? ಅಕಿ ಮದುವಿ ಊಟ ಉಂಡಾಕಿ ನಾನು. ನನ್ನ ಮಾತು ನಡಿಯೂದಿಲ್ಲ, ಮಷಿನ್ ಮಾತು ನಡೀತದ.

ನರೇಗಾದಾಗೂ ಇದೇ ಆಗಿತ್ತು, 2023ರ ಜನವರಿಯಿಂದ ದಿನಕ್ಕ ಎರಡು ಸಲ ಆ್ಯಪಿನಾಗ ಹಾಜರಿ ಫೋಟೋ ಕಡ್ಡಾಯ ಮಾಡಿದ್ರು. ಕೆಲಸ ಮುಗಿಸಿದವರು ಮಧ್ಯಾಹ್ನದ ಫೋಟೋಕ್ಕಂತ ನಮ್ಮ ರಾಯಚೂರ ಬಿಸಿಲಾಗ ಕಾಯ್ಕೊಂಡು ಕೂಡೋದು.

ಸಂಡೂರು ಕೆಂಪುಮಣ್ಣು
ಮೇಡಂ ಹೇಳಿದ್ದು ನೂರಕ್ಕೆ ನೂರು. ನಾನು ಸಂಡೂರಿನೋನು. ರಾತ್ರಿಯೆಲ್ಲಾ ಅದಿರು ಲಾರಿ ಸಾಲುಸಾಲಾಗಿ ಹೋಗ್ತಿದ್ದ ಕಾಲ ನೋಡೀನಿ, ನಮ್ಮನೆ ಬಟ್ಟೆ ಬಿಳಿದು ಒಣಗ್ತಿರಲಿಲ್ಲ, ಕೆಂಪಗೆ ಒಣಗ್ತಿತ್ತು. 2011ರ ಲೋಕಾಯುಕ್ತ ವರದಿ ಬಂದು ಸುಪ್ರೀಂ ಕೋರ್ಟ್ ಜಿಲ್ಲೆಯಾಗೆ ಗಣಿ ನಿಲ್ಲಿಸೋವರೆಗೂ ಬೆಟ್ಟ ಕರಗಿದ್ದನ್ನ ನೋಡಾಕೆ ಯಾರಿಗೂ ಕಣ್ಣಿರಲಿಲ್ಲ. ಬೆಟ್ಟ ಹೋಗ್ವಾಗ ಇಲ್ಲದ ಕ್ಯಾಮೆರಾ ಈಗ ಪ್ಯಾಂಟಿಗೆ ಜಿಪ್ ಹಚ್ಚೋ ಹೆಣ್ಮಗಳ ತಲೆ ಮೇಲೆ ಐತೆ. ಯಾರು ಯಾರನ್ನ ನೋಡ್ತಾರೆ ಅನ್ನೋದೇ ಪ್ರಶ್ನೆ ಅಣ್ಣಾ.

ಕೊಪ್ಪಳ ಜೂನಿಯರ್
ವಕೀಲಿ ಶುರು ಮಾಡಿ ಮೂರು ವರ್ಷ ಆಗೇತ್ರಿ, ಗೊತ್ತಿದ್ದಷ್ಟು ಹೇಳ್ತೀನಿ. ಸಂಡೂರಿನ ಅಣ್ಣನ ಪ್ರಶ್ನೆಗೆ ಮೊದ್ಲು. 2020ರ ಡಿಸೆಂಬರಿನಾಗ ಸುಪ್ರೀಂ ಕೋರ್ಟ್ ಪ್ರತಿ ಪೊಲೀಸ್ ಠಾಣೆಯಾಗೂ ಕ್ಯಾಮೆರಾ ಇರಬೇಕು, ದೃಶ್ಯದ ಜತಿ ಧ್ವನಿನೂ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಇಡಬೇಕು, ಅಷ್ಟು ಇಡೋ ಯಂತ್ರ ಸಿಗಲಿಲ್ಲಂದ್ರೂ ಒಂದು ವರ್ಷಕ್ಕ ಕಡಿಮಿ ಆಗಬಾರದು ಅಂತ ಹೇಳೇತಿ. ಅಲ್ಲಿ ಮೈಕು ಬೇಕು ಅಂದದ್ದು ಒಳಗ ಕುಂತವನ ರಕ್ಷಣೆಗೆ. ಅದೇ ಮೈಕು ಹೊಲಿಗಿ ಶೆಡ್ಡಿನಾಗ ಕುಂತಾಕಿನ ವಿರುದ್ಧ ಕೆಲಸ ಮಾಡತೈತಿ. ಸಾಮಾನು ಒಂದ, ಹಿಡಿದ ಕೈ ಬ್ಯಾರೆ.

ಎರಡನೇದು, ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರಲ್ಲ, ಆ ಕೇಸಿನ ಹೆಸರು ನಮ್ಮವರದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಾಗ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರಿನಾಗ ತೀರಿಕೊಂಡ್ರು. ಇನ್ನೂ ಹಿಂದಕ ಹೋದ್ರ, 1988ರಾಗ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕಿ ಗಲಾಟಿಯಾಗನ. 1996ಕ್ಕ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕಿನ ಸಂಘಟನೆ ಹಾಕಿದ ಕೇಸಿನಾಗ ಫೋನ್ ಕದ್ದು ಕೇಳೋದಕ್ಕ ಕೋರ್ಟ್ ಕಡಿವಾಣ ಹಾಕಿತು. ಅಂದ್ರ ಈ ವಿಷಯ ನಮ್ಮ ರಾಜ್ಯಕ್ಕ ಹೊಸಾದಲ್ಲ.

ಆದ್ರ ಏಣಿ ಅಣ್ಣಾರ, ನಿಮಗ ಸುಳ್ಳು ಸಮಾಧಾನ ಹೇಳೂದಿಲ್ಲ. ಆ ಖಾಸಗಿತನದ ತೀರ್ಪು ಮುಖ್ಯವಾಗಿ ಸರ್ಕಾರದ ವಿರುದ್ಧ ನಿಂತ್ಕೊಳ್ಳಾಕ. ಖಾಸಗಿ ಯೂನಿಟ್ಟಿನ ಮಾಲಕರು ಅಂದ್ರ 2023ರ ಡಿಜಿಟಲ್ ಮಾಹಿತಿ ಕಾಯ್ದೆ ನೋಡಬೇಕು, ಅದರ 7ನೇ ಕಲಮಿನಾಗ ಉದ್ಯೋಗದ ಕಾರಣಕ್ಕ, ಮಾಲಕರಿಗೆ ನಷ್ಟ ಆಗದಂಗ ನೋಡ್ಕೊಳ್ಳಾಕ ಅಂದ್ರ ಒಪ್ಪಿಗಿ ಇಲ್ಲದನೂ ಮಾಹಿತಿ ಬಳಸಬಹುದು ಅಂತ ಬಾಗಲ ತೆರೆದಿಟ್ಟಾರ. ಬಟ್ಟಿ ಬದಲಿಸೋ ಕಡೆ, ಬಚ್ಚಲ ಕಡೆ ಕ್ಯಾಮೆರಾ ಇಟ್ರ ನೇರ ಅಪರಾಧ, ಅದರಾಗ ಎರಡು ಮಾತಿಲ್ಲ. ಊಟದ ಹೊತ್ತಿನ ಮಾತು ಕೇಳೋದಕ್ಕ ಅಷ್ಟು ನೇರ ಉತ್ತರ ಕಾನೂನಿನಾಗ ಇಲ್ಲ.

ಕುಷ್ಟಗಿ ಹುಡುಗಿ
ನಾನು ಬಳ್ಳಾರಿಯಲ್ಲಿ ಹಾಸ್ಟೆಲಿನಾಗ ಇದ್ದು ಓದ್ತೀನಿ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಪಿಚ್ಚರ್ ನೋಡಿದೆ. ನನಗ ಕೊಲೆಗಿಂತ ಜಾಸ್ತಿ ಹೆದರಿಕಿ ಆಗಿದ್ದು ಶುರುವಿನಾಗ ಬರೋ ಒಂದು ಸಣ್ಣ ಸೀನು. ಅವನ ಬಾಗಲಿಗೆ ಅಷ್ಟೆಲ್ಲಾ ಬೀಗ, ಆದ್ರೂ ಒಳಗ ಹೋದ್ರ ಮನಿ ಮಾಲಕಿ ಹುಟ್ಟುಹಬ್ಬಕ್ಕ ಅಂತ ವೈನ್ ಬಾಟ್ಲಿ ಇಟ್ಟು ಹೋಗಿರ್ತಾಳ. ಆಕಿ ಪ್ರೀತಿಲೇ ಇಟ್ಟಿದ್ದು. ಆದ್ರ ಅವನಿಗೆ ಮೈಯೆಲ್ಲಾ ಉರೀತೈತಿ, ನನ್ನ ವಯಸ್ಸು ನಿಮಗ ಹೆಂಗ ಗೊತ್ತು, ನನ್ನ ಕೀಲಿ ನಿಮ್ಮ ಹತ್ರ ಯಾಕೈತಿ ಅಂತ.

ನನ್ನ ಫೋನಿನಾಗ ಮೊದಲ ವರ್ಷದಿಂದ ಲೊಕೇಶನ್ ಆನ್ ಐತಿ, ಅಪ್ಪನೂ ಅಣ್ಣನೂ ನೋಡ್ತಾರ. ಅದೂ ಪ್ರೀತಿನ, ನನಗ ಗೊತ್ತೈತಿ. ಕಾಲೇಜಿನಿಂದ ಬರೋ ದಾರಿಯಾಗ ಪಾನಿಪುರಿ ಗಾಡಿ ಹತ್ರ ಹತ್ತು ನಿಮಿಷ ನಿಂತ್ರ ಫೋನ್ ಬರ್ತೈತಿ, ಎಲ್ಲಿದ್ದಿ ಅಂತ ಕೇಳೂದಿಲ್ಲ, ಅಲ್ಲೇ ಯಾಕ ನಿಂತಿ ಅಂತಾರ. ನಾನು ತಪ್ಪು ಏನೂ ಮಾಡಿಲ್ಲ, ಆದ್ರ ಈಗ ಪಾನಿಪುರಿ ತಿನ್ನೋದನ್ನ ಬಿಟ್ಟೀನಿ. ಅಷ್ಟ ಸಣ್ಣ ವಿಷಯ, ಯಾರ ಮುಂದ ಹೇಳಿದ್ರೂ ಇದೊಂದು ಕಷ್ಟಾನಾ ಅಂತಾರ.

ಸಿಂಧನೂರ ಅಂಗನವಾಡಿ
ಸಣ್ಣದಲ್ಲ ತಂಗಿ.

ಗಂಗಾವತಿ ಗಿರಣಿ
ತಂಗಿ, ನಿನ್ನ ಮಾತು ನನಗ ನಾಟಿತು. ನನ್ನ ಮಗಳು ಧಾರವಾಡದಾಗ ಓದ್ತಾಳ, ನಾನೂ ಹಾಕೀನಿ, ಅಕಿಗೆ ಗೊತ್ತಿಲ್ಲದಂಗ ಹಾಕೀನಿ. ರಾತ್ರಿ ಎದ್ದು ನೋಡ್ತೀನಿ, ಆ ನೀಲಿ ಚುಕ್ಕಿ ಹಾಸ್ಟೆಲಿನ ಮ್ಯಾಲೆ ಇದ್ರ ನಿದ್ದಿ ಬರ್ತೈತಿ. ತೆಗೀತೀನಿ ಅಂತ ಇವತ್ತ ಹೇಳಾಕ ಆಗೂದಿಲ್ಲ, ತಂದಿ ಜೀವ. ಆದ್ರ ಹಾಕೀನಿ ಅಂತ ಅಕಿಗೆ ಹೇಳ್ತೀನಿ, ಈ ಅಮಾವಾಸ್ಯೆಗೆ ಬರ್ತಾಳ. ಸೊಸಿ ಮನಿ ಬಾಗಲ ಕ್ಯಾಮೆರಾನೂ ಯಾರ ಯಾರ ಮೊಬೈಲಿನಾಗ ಐತಿ ಅಂತ ನೋಡಬೇಕು.

ಬಳ್ಳಾರಿ ಏಣಿ
ಅಣ್ಣಾ ಅದನ್ನ ಇವತ್ತೇ ನೋಡ್ರಿ. ನನ್ನ ಕಸುಬಿನ ಗುಟ್ಟು ಹೇಳ್ತೀನಿ, ಎಲ್ರೂ ಕೇಳ್ರಿ. ಡಿವಿಆರ್, ಅಂದ್ರೆ ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬಿ, ಅದನ್ನ ಹಾಕಿದ ಹುಡುಗನ ಮೊಬೈಲಿನಾಗೂ ನಿಮ್ಮನೆ ಲೈನ್ ಬಹಳ ಸಲ ಹಂಗೇ ಉಳಿದಿರುತ್ತೆ, ಸರ್ವಿಸಿಗೆ ಸುಲಭ ಆಗ್ಲಿ ಅಂತ ಇಟ್ಕೊಂಡಿರ್ತೀವಿ. ಅಡ್ಮಿನ್ ಪಾಸ್‌ವರ್ಡು ಹಾಕಿದೋನಿಗೂ ಗೊತ್ತು, ಅಂಗಡಿಯೋನಿಗೂ ಗೊತ್ತು, ಎಷ್ಟೋ ಕಡೆ ಒಂದು ಎರಡು ಮೂರು ನಾಲ್ಕು ಅಂತಾನೇ ಇರುತ್ತೆ. ಪಾಸ್‌ವರ್ಡ್ ನೀವೇ ಬದಲಾಯಿಸ್ರಿ, ಆ್ಯಪಿನಾಗೆ ಯಾರ್ಯಾರಿಗೆ ಶೇರ್ ಆಗೈತೆ ನೋಡಿ ಬ್ಯಾಡಾದ್ದು ತೆಗೀರಿ, ಆಡಿಯೋ ಅಂತ ಒಂದು ಆಪ್ಶನ್ ಇರುತ್ತೆ, ಬೇಕಿಲ್ಲಾಂದ್ರೆ ಆಫ್ ಮಾಡ್ರಿ, ಮಲಗೋ ಕೋಣೆ ಕಡೆ ಯಾವ ಕ್ಯಾಮೆರಾನೂ ತಿರುಗಿಸಬ್ಯಾಡ್ರಿ. ನನ್ನ ಮೊಬೈಲಿನಾಗೆ ನಲವತ್ತೊಂದು ಮನೆ ಅಂಗಡಿ ಇತ್ತು, ಪಿಚ್ಚರ್ ನೋಡಿದ ಮಾರನೇ ದಿನ ಕೂತು ಒಂದೊಂದೇ ತೆಗೆದೆ. ತೆಗೀತಾ ಒಂದು ಮನೇಲಿ ಅಜ್ಜಿ ಬಾಗಿಲ ಮುಂದೆ ಕೂತು ಬತ್ತಿ ಹೊಸೀತಿದ್ದಳು. ನಾನು ನೋಡ್ತಿರೋದು ಅವಳಿಗೆ ಗೊತ್ತಿಲ್ಲ.

ಓವರ್‌ಲಾಕ್
ಅಣ್ಣಾ ನಾನು ಬಳ್ಳಾರಿಯಾಗೆ ಹೊಲಿಗೆ ಯೂನಿಟ್ಟಿಗೆ ಹೋಗಾಕಿ, ನೀವು ಹೇಳಿದ ಯೂನಿಟ್ಟಲ್ಲ, ಬೇರೆ. ಪಿಚ್ಚರಿನಾಗೆ ಬ್ಯಾಂಡ್ ಸದ್ದಿನಾಗೆ ಸುತ್ತಾಡ್ತಾ ಮಾತಾಡ್ತಾರೆ ಅಂದ್ರಲ್ಲ, ನಾವೂ ಹಂಗೇ ಮಾಡ್ತೀವಿ. ಮಾತಾಡೋದಿದ್ರೆ ಖಾಲಿ ಬಟ್ಟೆ ಇಟ್ಟು ಪೆಡಲ್ ಒತ್ತಿ ಮಷಿನ್ ಓಡಿಸ್ತಾ ಮಾತಾಡ್ತೀವಿ. ದಾರ ಸುಮ್ನೆ ಹೋಗುತ್ತೆ, ಅದಕ್ಕೂ ಬೈತಾರೆ. ಮೊದ್ಲು ಮಧ್ಯಾಹ್ನ ಊಟ ಆದ್ಮೇಲೆ ಒಬ್ಬಾಕಿ ತೆಲುಗು ಹಾಡು ಹಾಡ್ತಿದ್ಲು, ಸೋಬಾನೆ ಪದ ಹಾಡ್ತಿದ್ವಿ, ಕ್ಯಾಮೆರಾ ಬಂದ ದಿನದಿಂದ ನಿಂತೈತೆ. ಯಾರೂ ಹಾಡಬ್ಯಾಡ್ರಿ ಅಂದಿಲ್ಲ, ತಾನೇ ನಿಂತೋಯ್ತು. ತಿಂಗಳಿನ ನೋವಿದ್ದಾಗ ಎರಡು ನಿಮಿಷ ಮಷಿನ್ ಮೇಲೆ ತಲೆ ಇಟ್ಟು ಮಲಗಾಕೂ ಭಯ. ಆ ಇಬ್ರು ಎಲ್ಲಿದಾರೆ ಈಗ, ಏನಾದ್ರೂ ಗೊತ್ತೇನಣ್ಣ?

ಹಳೇ ಸಿನಿಮಾ ಮೇಷ್ಟ್ರು
ಈ ತಾಯಿ ಹೇಳಿದ್ದು ಓದಿ ನನಗೆ ಚಿತ್ರದ ಕೊನೆ ನೆನಪಾಯಿತು. ನಿನ್ನನ್ನ ಕೇಳಿಸಿಕೊಳ್ತಾ ಇರ್ತೀವಿ ಅಂತ ಫೋನ್ ಬರುತ್ತೆ, ಅವನು ಆಗ ತಾನೇ ಊದಿದ ಸ್ಯಾಕ್ಸೋಫೋನನ್ನೇ ಅವನಿಗೆ ವಾಪಸ್ ಕೇಳಿಸ್ತಾರೆ. ಹ್ಯಾರಿ ಗೋಡೆ ಕಿತ್ತ, ನೆಲದ ಹಲಗೆ ಕಿತ್ತ, ದೇವಮಾತೆಯ ಮೂರ್ತಿಯನ್ನೂ ಒಡೆದ, ಮೈಕು ಸಿಗಲೇ ಇಲ್ಲ. ಎಲ್ಲಿತ್ತು ಅಂತ ಐವತ್ತು ವರ್ಷದಿಂದ ಜನ ವಾದ ಮಾಡ್ತಾರೆ, ಸ್ಯಾಕ್ಸೋಫೋನಿನ ಪಟ್ಟಿಯಲ್ಲಿ ಅಂತ ಕೆಲವರು. ನನಗೆ ಆ ವಾದ ಯಾವತ್ತೂ ರುಚಿಸಿಲ್ಲ. ಕಿತ್ತುಹೋದ ಮನೆಯಲ್ಲಿ ಕೂತು ಅವನು ಊದ್ತಾನೆ, ಅಷ್ಟಾದ್ರೂ ಉಳಿದಿದೆ ಅವನಿಗೆ. ಇಲ್ಲಿ ಹಾಡೇ ನಿಂತಿದೆ.

ಅಂದಹಾಗೆ ಕುಷ್ಟಗಿ ಮಗಳೇ, 1998ರ ಎನಿಮಿ ಆಫ್ ದಿ ಸ್ಟೇಟ್ ಕೂಡ ನೋಡು. ಅದರಲ್ಲಿ ಹ್ಯಾಕ್‌ಮನ್ ಮತ್ತೆ ಇಂಥದ್ದೇ ಪಾತ್ರ ಮಾಡಿದ್ದಾರೆ, ಪಾತ್ರದ ಹಳೇ ಫೋಟೋ ಅಂತ ತೋರಿಸೋದು ಈ ಚಿತ್ರದ ಹ್ಯಾರಿಯ ಮುಖವನ್ನೇ. ಓಟ ಜಾಸ್ತಿ, ಸ್ಯಾಟಲೈಟು ಜಾಸ್ತಿ. ಇದರಷ್ಟು ಒಳಗೆ ಇಳಿಯಲ್ಲ. ಹ್ಯಾಕ್‌ಮನ್ 2025ರ ಫೆಬ್ರವರಿಯಲ್ಲಿ ತೀರಿಹೋದರು, 95 ವರ್ಷ.

ಬಳ್ಳಾರಿ ಏಣಿ
ಅಕ್ಕಾ, ಒಬ್ರು ಹೊಸಪೇಟೆಗೆ ಹೋದ್ರಂತೆ. ಇನ್ನೊಬ್ರ ಮನೆ ನಿನ್ನೆ ಹುಡುಕ್ಕೊಂಡು ಹೋಗಿದ್ದೆ, ಮಗು ಹೆಣ್ಣು, ಒಂದೂವರೆ ವರ್ಷ ಆಗೈತೆ, ಮನೆಯಾಗೇ ಬ್ಲೌಸ್ ಹೊಲೀತಾರೆ. ರೆಕಾರ್ಡಿಂಗ್ ಸರಿ ಮಾಡಿಕೊಟ್ಟೋನು ನಾನೇ ಅಂತ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಯಾವ ರೆಕಾರ್ಡಿಂಗು ಅಂತ ಕೇಳಿದ್ರು. ಯಾಕೆ ತೆಗೆದ್ರು ಅಂತಾನೇ ಅವ್ರಿಗೆ ಇವತ್ತಿನವರೆಗೂ ಗೊತ್ತಿಲ್ಲ ರೀ, ನೀನು ನಿಧಾನ ಅಂತ ಹೇಳಿ ಕಳಿಸಿದ್ರಂತೆ, ತುಂಬಿದ ಬಸುರಿ ಅದಕ್ಕೆ ಇರಬೇಕು ಅಂದ್ಕೊಂಡಿದಾರೆ.

ರಾತ್ರಿ ಟೂಲ್ ಬ್ಯಾಗಿನಾಗೆ ಆ ಪೆನ್‌ಡ್ರೈವ್ ಹುಡುಕಿದೆ, ಸಿಕ್ತು. ನಾನು ಕತ್ತರಿಸಿ ಕೊಟ್ಟಿದ್ದು ಅಲ್ಲ, ಪೂರ್ತಿ ಒರಿಜಿನಲ್ಲು ಅದ್ರಾಗೆ ಐತೆ. ಹೆಡ್‌ಫೋನ್ ಹಾಕ್ಕೊಂಡು ಮತ್ತೆ ಕೇಳಿದೆ. ಆ ಮಾತಿಗಿಂತ ಮುಂಚೆ ಒಂದು ಐದಾರು ಸೆಕೆಂಡು, ಸ್ಟೀಲ್ ಡಬ್ಬಿ ಟೇಬಲ್ ಮೇಲೆ ಇಟ್ಟ ಸದ್ದು, ಆಮೇಲೆ ಸಣ್ಣಗೆ, "ತಾತಾ, ಬಿಸಿ ಐತೆ, ತಿನ್ನು". ಅವತ್ತು ಇದು ಬ್ಯಾಡ ಅಂತ ಕತ್ತರಿಸಿದ್ದೆ. ಡಬ್ಬಿ ಸದ್ದನ್ನ ನಾಯ್ಸ್ ಅಂತ ತೆಗೆದಿದ್ದೆ.

ನಾಳೆ ಹನ್ನೊಂದಕ್ಕೆ ಓನರ್ರ ಹತ್ರ ಹೋಗ್ತೀನಿ, ಇದನ್ನ ಕೇಳಿಸ್ತೀನಿ. ಮೈಕ್ ಆಫ್ ಮಾಡ್ಸಿ ಅಂತಾನೂ ಕೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ, ಅವರ ಕಡೆಯಿಂದ ಇನ್ನೂ ಮೂರು ಯೂನಿಟ್ಟಿನ ಕಾಂಟ್ರ್ಯಾಕ್ಟ್ ಬರೋದಿತ್ತು.

ಕೊಪ್ಪಳ ಜೂನಿಯರ್
ಒರಿಜಿನಲ್ ಫೈಲ್ ಮುಟ್ಟಬ್ಯಾಡ್ರಿ ಅಣ್ಣಾರ. ಕಾಪಿ ಮಾಡಿ ಕಾಪಿನ ಒಯ್ಯಿರಿ. ಆ ಅಕ್ಕಾರಿಗೆ ಬಾಕಿ ಪಗಾರ ಏನಾದ್ರೂ ಇದ್ರ ಹೇಳ್ರಿ, ಕಾರ್ಮಿಕ ಇಲಾಖೆಗೆ ಅರ್ಜಿ ನಾನು ಬರದು ಕೊಡ್ತೀನಿ, ದುಡ್ಡು ಬ್ಯಾಡ.

ಓವರ್‌ಲಾಕ್
ಅಣ್ಣಾ, ಪೆನ್‌ಡ್ರೈವ್ ಜತೆ ಆ ತಾತನ್ನೂ ಓನರ್ ಮುಂದೆ ಕೂರಿಸ್ರಿ. ಮತ್ತೆ ಅವನು ಈಗ ಎಲ್ಲಿ ಉಣ್ತಾನೆ ಅಂತ ಕೇಳ್ಕೊಂಡು ಬರ್ರಿ, ನಮ್ಮ ಯೂನಿಟ್ಟು ಅಲ್ಲಿಗೆ ಹತ್ರಾನೇ ಇದ್ರೆ ನಾನು ಒಂದು ರೊಟ್ಟಿ ಜಾಸ್ತಿ ತರ್ತೀನಿ.